ನನ್ನ ಗೋತ್ರದ ಟಾಪ್ ಎಂಡ್

ಅಡುಗೆ ಭಟ್ಟರಿಗೆ ಹಸಿವಾಗುವುದಿಲ್ಲ ಎಂದು ಜನ ನಂಬುತ್ತಾರೆ. ವಾಹನ ಪೂಜೆ ಮಾಡುವ ಪುರೋಹಿತನಿಗೆ ವಾಹನದ ಆಸೆ ಇರುವುದಿಲ್ಲ ಎಂದು ಮುಳಬಾಗಿಲಿನ ಜನ ನಂಬಿದ್ದರು, ನಾನೂ ನಂಬಿದ್ದೆ. ಇಪ್ಪತ್ತು ವರ್ಷಗಳಲ್ಲಿ ನಮ್ಮ ಊರಿನ ಟ್ರ್ಯಾಕ್ಟರು, ಟೆಂಪೊ, ಮೊಪೆಡ್ಡು ಎಲ್ಲವೂ ನನ್ನ ಕೈಯಿಂದ ಕುಂಕುಮ ಹಚ್ಚಿಸಿಕೊಂಡಿವೆ. ಆದರೆ ಒಂದು ಗುಟ್ಟು ಹೇಳುತ್ತೇನೆ, ನನಗೆ ಗೊತ್ತಿರುವುದು ವಾಹನಗಳ ಮುಖ ಮಾತ್ರ. ಹಿಂದೆ ಹೇಗಿದೆ, ಒಳಗೆ ಏನಿದೆ ಎಂದು ನೋಡುವಷ್ಟರಲ್ಲಿ ಅವು ನಿಂಬೆಹಣ್ಣು ಚಚ್ಚಿಕೊಂಡು ಹೊರಟೇಹೋಗಿರುತ್ತವೆ. ಡ್ರೈವಿಂಗ್ ಅಂತೂ ಬರುವುದೇ ಇಲ್ಲ. ನಮ್ಮ ಮನೆಯಲ್ಲಿ ಅದು ಬರುವುದು ನನ್ನ ಹೆಂಡತಿ ಶಾರದೆಗೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಒಂದು ಬೇಸಿಗೆ ರಜೆಯಲ್ಲಿ ಕಲಿತು ಲೈಸೆನ್ಸು ತಂದು ದೇವರ ಮುಂದಿಟ್ಟಳು. ಆಶೀರ್ವಾದ ಮಾಡಿದವನು ನಾನೇ.

ಕಾರು ಬೇಕಾಗಿದ್ದು ನನ್ನ ಅತ್ತೆಯ ಮಂಡಿಯಿಂದಾಗಿ. ಗೌನಿಪಲ್ಲಿಯಲ್ಲಿ ಮಗನ ಜೊತೆ ಮಾವಿನ ತೋಟ ನೋಡಿಕೊಂಡಿರುವ ಅವರು ಮಗಳ ಮನೆಗೆ ಬಾರದೆ ಎರಡು ವರ್ಷವಾಗಿತ್ತು. ಬಸ್ಸು ಹತ್ತಲು ಆಗದು. ಬಾಡಿಗೆ ಗಾಡಿ ಕಳಿಸೋಣವೆಂದರೆ, "ಕಾರಂದ್ರೆ ಬಾವಿಗಿಳ್ದಂಗೆ, ಜೀಪಂದ್ರೆ ಅಟ್ಟ ಹತ್ತಿದಂಗೆ, ನನ್ ಕೈಲಾಗಲ್ಲಮ್ಮ" ಎಂದು ಫೋನಿಡುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿದ್ದ ಕಾಲ ಅದು. ಹೊಸ ಜಾತಿಯ ಗಾಡಿಗಳು ಬರತೊಡಗಿದ್ದವು. ಅತ್ತ ಕಾರೂ ಅಲ್ಲ, ಇತ್ತ ಜೀಪೂ ಅಲ್ಲ. ಕಾರಿನ ಮೈ, ಜೀಪಿನ ಗತ್ತು. ಅದಕ್ಕೆ ಕ್ರಾಸೋವರ್ ಎನ್ನುತ್ತಾರೆಂದು ಕೋಲಾರದ ಶೋರೂಮಿನವರು ಹೇಳಿದರು. ಬೇಸ್, ಮಿಡಲ್, ಟಾಪ್ ಎಂಡ್ ಎಂದು ಅದರಲ್ಲೇ ಮೂರು ತರಗತಿ. ಬೇಸಿನಲ್ಲಿ ಎ.ಸಿ. ಇಲ್ಲ, ಅದನ್ನು ಬಿಟ್ಟೆವು. ಮಿಡಲ್‌ನಲ್ಲಿ ಬೇಕಾದ್ದೆಲ್ಲ ಇತ್ತು. ಟಾಪ್ ಎಂಡಿನಲ್ಲಿ ಬೇಡದ್ದೂ ಇತ್ತು. ದೊಡ್ಡ ಚಕ್ರ, ಹಾಡಿನ ಪೆಟ್ಟಿಗೆ, ಎಲ್ಲಕ್ಕಿಂತ ಮುಖ್ಯವಾಗಿ ಮುಂಭಾಗದಲ್ಲಿ, ಕೆನ್ನೆಯ ಜಾಗದಲ್ಲಿ, ಎರಡು ದುಂಡನೆಯ ಫಾಗ್ ಲ್ಯಾಂಪು. ಮಂಜಿನಲ್ಲಿ ದಾರಿ ಕಾಣಲಿಕ್ಕಂತೆ. ಮುಂದಿನಿಂದ ನೋಡಿದರೆ ಎರಡು ಗಾಡಿಗೂ ಇದ್ದ ವ್ಯತ್ಯಾಸ ಅದೊಂದೇ. ಮುಖ ಮಾತ್ರ ನೋಡಿ ಅಭ್ಯಾಸವಾದ ನನಗೆ ಅದೊಂದೇ ಸಾಕಾಯಿತು. ನನಗೆ ಆ ದೀಪ ಬೇಕೆನ್ನಿಸಿತು, ಬಹಳ ಬೇಕೆನ್ನಿಸಿತು.

ಧನುರ್ಮಾಸದಲ್ಲಿ ಬೆಳಗಿನ ಜಾವ ಮಂಜು ಬೀಳುತ್ತದೆ, ಆಗ ದೇವಸ್ಥಾನಕ್ಕೆ ಹೋಗಬೇಕಲ್ಲ ಎಂದು ವಾದ ಹೂಡಿದೆ. ದೇವಸ್ಥಾನ ಇರುವುದು ನಮ್ಮ ಬೀದಿಯ ಕೊನೆಯಲ್ಲಿ, ನೀವು ಹೋಗುವುದು ನಡೆದುಕೊಂಡು ಎಂದು ಶಾರದೆ ನೆನಪಿಸಿದಳು. ಆಮೇಲೆ ವ್ಯಾನಿಟಿ ಬ್ಯಾಗಿನಿಂದ ಒಂದು ಅರಿಶಿನದ ದಾರ ತೆಗೆದಳು. ನನ್ನ ಪೂಜೆಯ ಚೀಲದ್ದೇ ದಾರ. ಹಿಂದಿನ ಭಾನುವಾರ ಗೌನಿಪಲ್ಲಿಗೆ ಹೋಗಿದ್ದಾಗ, ಅಮ್ಮ ದಿನವೂ ಕೂತು ಏಳುವ ಮಂಚದ ಎತ್ತರವನ್ನು ನೆಲದಿಂದ ಅಳೆದು ಗಂಟು ಹಾಕಿಕೊಂಡು ಬಂದಿದ್ದಳು. ಸೇಲ್ಸ್‌ಮನ್ ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತಿರಲು, ಟಾಪ್ ಎಂಡಿನ ಸೀಟಿಗೆ ದಾರ ಹಿಡಿದಳು. ದೊಡ್ಡ ಚಕ್ರದ ದೆಸೆಯಿಂದ ಸೀಟು ಗಂಟಿಗಿಂತ ಎರಡು ಬೆರಳು ಮೇಲಿತ್ತು. ಮಿಡಲ್‌ನಲ್ಲಿ ಗಂಟು ಸೀಟಿನ ಅಂಚಿಗೆ ಸರಿಯಾಗಿ ಕೂತಿತು. ಎರಡು ಬೆರಳೇನು ಮಹಾ ಎಂದೆ.

"ನಿಮ್ಮ ಕಾಲಿಗೆ ಎರಡು ಬೆರಳು, ಅಮ್ಮನ ಮಂಡಿಗೆ ಅದು ಒಂದು ಮೆಟ್ಲು ಕಣ್ರೀ" ಎಂದಳು. ಸಂಬಳದಿಂದ ಕಂತು ಕಟ್ಟುವವಳು ಅವಳು, ಓಡಿಸುವವಳೂ ಅವಳು. ಮಿಡಲ್ ಬುಕ್ ಆಯಿತು.

ಗಾಡಿ ತರುವ ದಿನ ಪೂಜೆಗೆ ಬೇರೆ ಪುರೋಹಿತರನ್ನು ಹುಡುಕುವ ಪ್ರಶ್ನೆ ಇರಲಿಲ್ಲವಲ್ಲ. ಶೋರೂಮಿನ ಅಂಗಳದಲ್ಲಿ ಬೆಳ್ಳಿ ಬಣ್ಣದ ಎರಡು ಗಾಡಿ ಹೂವಿನ ಹಾರ ಹಾಕಿಕೊಂಡು ನಿಂತಿದ್ದವು. ಶಾರದೆ ಒಳಗೆ ಸಹಿ ಹಾಕುತ್ತಿದ್ದಳು. ನಾನು ಚೀಲ ಬಿಚ್ಚಿದೆ. ಆಚಮನ ಮಾಡಿ, ನನ್ನ ಗೋತ್ರ, ನಕ್ಷತ್ರ, ಹೆಸರು, ಜೊತೆಗೆ ಧರ್ಮಪತ್ನಿಯ ಹೆಸರನ್ನೂ ಹೇಳಿ ಸಂಕಲ್ಪ ಮಾಡಿದೆ. ಇಂಥ ಅಚ್ಚುಕಟ್ಟಾದ ಪೂಜೆ ನಾನು ಯಾರಿಗೂ ಮಾಡಿಕೊಟ್ಟಿರಲಿಲ್ಲ. ಪಕ್ಕದಲ್ಲಿ ಬಿಳಿ ಪಂಚೆಯ ಒಬ್ಬರು ಕೈಮುಗಿದು ನಿಂತಿದ್ದರು. ಶೋರೂಮಿನ ಡ್ರೈವರ್ ಇರಬೇಕು, ಭಕ್ತಿವಂತ ಎಂದುಕೊಂಡೆ. ಕಾಯಿ ಒಡೆದು, ಚಕ್ರಕ್ಕೊಂದರಂತೆ ನಿಂಬೆಹಣ್ಣು ಇಟ್ಟು, ಮುಂದಕ್ಕೆ ತೆಗೆಯಪ್ಪ ಎಂದೆ. ಅವರು ಹತ್ತಿ ಮುಂದಕ್ಕೆ ತೆಗೆದರು. ಇಳಿದು ಬಂದು ವೀಳ್ಯದೆಲೆಯ ಮೇಲೆ ದಕ್ಷಿಣೆ ಇಟ್ಟು ಅಡ್ಡಬಿದ್ದರು.

ಶೋರೂಮಿನ ಡ್ರೈವರ್ ನನಗೇಕೆ ದಕ್ಷಿಣೆ ಕೊಡುತ್ತಾನೆ? ಆಗ ಗಾಡಿಯ ಮುಖವನ್ನು ಇನ್ನೊಮ್ಮೆ ನೋಡಿದೆ. ಎರಡು ಫಾಗ್ ಲ್ಯಾಂಪಿಗೂ ನಾನೇ ಹಚ್ಚಿದ ಕುಂಕುಮ ಹೊಳೆಯುತ್ತಿತ್ತು.

ಅವರು ವಕ್ಕಲೇರಿಯ ಪಾಪಣ್ಣ, ಟೊಮೇಟೊ ಬೆಳೆದು ಹಸು ಕಟ್ಟಿಕೊಂಡಿರುವವರು. ಗಾಡಿ ಅವರದು. ಶೋರೂಮಿನವರೇ ಪುರೋಹಿತರನ್ನು ಗೊತ್ತುಮಾಡಿದ್ದಾರೆಂದು ತಿಳಿದಿದ್ದರು. "ನನ್ ಹೆಸ್ರು ನೀವು ಕೇಳ್ಲೇ ಇಲ್ವಲ್ಲ ಸ್ವಾಮಿ, ಯಾರ್ ಹೆಸ್ರಲ್ಲಿ ಮಾಡಿದ್ರಿ?" ಎಂದರು. ಅಷ್ಟರಲ್ಲಿ ಬೀಗದ ಕೈ ಹಿಡಿದು ಶಾರದೆಯೂ ಬಂದು ನಿಂತಳು. ಸುಳ್ಳು ಹೇಳಬಹುದಿತ್ತು. ಆದರೆ ಗೋತ್ರ ತಪ್ಪಿದರೆ ಫಲ ಬೇರೆಯವರ ಮನೆ ಸೇರುತ್ತದೆ ಎಂದು ಇಪ್ಪತ್ತು ವರ್ಷ ಊರಿಗೆಲ್ಲ ಹೆದರಿಸಿದ ಬಾಯಿ ಇದು. ನಿಜ ಹೇಳಿದೆ, ನಿಮ್ಮ ಹೆಸರಲ್ಲಿ ಮತ್ತೆ ಮೊದಲಿನಿಂದ ಮಾಡುತ್ತೇನೆ ಎಂದೂ ಹೇಳಿದೆ.

ಪಾಪಣ್ಣ ಗಾಡಿಯನ್ನೂ ನನ್ನನ್ನೂ ನೋಡಿದರು. "ಇರ್ಲಿ ಬಿಡಿ ಸ್ವಾಮಿ. ನಿಮ್ ಹೆಸ್ರಾದ್ರೆ ದೇವ್ರಿಗೆ ದಿನಾ ಕೇಳಿ ಗೊತ್ತಿರ್ತದೆ. ನನ್ ಹೆಸ್ರಾದ್ರೆ ಹೊಸ್ದಾಗಿ ಪರಿಚಯ ಆಗ್ಬೇಕು" ಎಂದು, ತಾವು ತಂದಿದ್ದ ನಾಲ್ಕು ನಿಂಬೆಹಣ್ಣನ್ನು ನನ್ನ ಕೈಗಿಟ್ಟರು. ನನ್ನವು ಖರ್ಚಾಗಿದ್ದವು. ಮಿಡಲ್‌ಗೆ ಅವರ ನಿಂಬೆಹಣ್ಣಿನಲ್ಲೇ ಪೂಜೆಯಾಯಿತು. ಶಾರದೆ ಈ ಸಲ ಪಕ್ಕದಿಂದ ಕದಲಲಿಲ್ಲ.

ಅಲ್ಲಿಂದ ನೇರ ಗೌನಿಪಲ್ಲಿಗೆ ಹೋದೆವು. ಅತ್ತೆ ಬಾಗಿಲಿಗೆ ಬಂದರು, ಗಾಡಿಯನ್ನು ಅನುಮಾನದಿಂದ ನೋಡಿದರು, ಸೀಟಿಗೆ ಬೆನ್ನು ಕೊಟ್ಟು ಮೆಲ್ಲಗೆ ಕೂತರು. ಬಗ್ಗಲೂ ಇಲ್ಲ, ಹತ್ತಲೂ ಇಲ್ಲ. ಸೀಟನ್ನು ಒಮ್ಮೆ ಸವರಿ, "ಬಾಗುಂದಿ, ನಮ್ ಮಂಚ ಇದ್ದಂಗೇ ಇದೆ" ಎಂದು ತಮ್ಮ ಕಡೆಯ ತೆಲುಗು ಬೆರೆಸಿ ಮೆಚ್ಚಿಕೊಂಡರು. ಶಾರದೆ ಕಣ್ಣೊರೆಸಿಕೊಂಡಳು. ನನಗೂ ಸಂತೋಷವಾಯಿತು, ಫಾಗ್ ಲ್ಯಾಂಪು ಮರೆತೇಹೋಗುವಷ್ಟು.

ಮರೆತೆ ಎಂದರೆ ಪೂರ್ತಿ ಅಲ್ಲ. ಸಾರಿಗೆ ಕಚೇರಿಯ ಪುಸ್ತಕದಲ್ಲಿ ಆ ಟಾಪ್ ಎಂಡು ಪಾಪಣ್ಣನದೇ ಇರಬಹುದು. ದೇವರ ಪುಸ್ತಕದಲ್ಲಿ ಅದು ನನ್ನದಲ್ಲವೇ? ಆ ವರ್ಷದ ಆಯುಧಪೂಜೆಯ ದಿನ ಮನೆ ಮುಂದೆ ನಿಂತು, ಅಕ್ಷತೆ ಹಿಡಿದು, ನನ್ನ ವಾಹನ ಕ್ಷೇಮವಾಗಿರಲಿ ಎಂದು ಸಂಕಲ್ಪ ಮಾಡುತ್ತ ಕಣ್ಣು ಮುಚ್ಚಿದೆ. ಯಾವ ವಾಹನ ಎಂದು ಬಿಡಿಸಿ ಹೇಳಲಿಲ್ಲ. ಮುಚ್ಚಿದ ಕಣ್ಣಿನಲ್ಲಿ ವಕ್ಕಲೇರಿಯ ಕಡೆ ಎರಡು ದುಂಡನೆಯ ದೀಪ ಬೆಳಗುತ್ತಿದ್ದವು.

"ಕಣ್ಣು ಬಿಟ್ಕೊಂಡು ಪೂಜೆ ಮಾಡಿ" ಎಂದಳು ಶಾರದೆ.

ಬಿಟ್ಟೆ. ಎದುರಿಗೆ ದೀಪವಿಲ್ಲದ ಎರಡು ಕೆನ್ನೆ, ಗಾಡಿಯೊಳಗೆ ಆಗಲೇ ಹೋಗಿ ಕೂತಿದ್ದ, ಹಬ್ಬಕ್ಕೆ ಬಂದ ಅತ್ತೆ. ಹೊರಡೋದು ಯಾವಾಗ ಎಂದು ನನ್ನನ್ನೇ ನೋಡುತ್ತಿದ್ದರು.