ನಂಬರ್ ಅಣ್ಣನದು, ದಮ್ಮು ತಮ್ಮನದು

ಹೊಸಪೇಟೆಯಲ್ಲಿ ಎದೆರೋಗದ ಡಾಕ್ಟರೊಬ್ಬರ ಬಳಿ ರಕ್ತ ತೆಗೆಯುವುದು, ಯಂತ್ರದೊಳಗೆ ಊದಿಸುವುದು ನನ್ನ ಕೆಲಸ. ಉಸಿರಿಗೆ ಕಷ್ಟಪಡುವವರೇ ಬರುವ ಜಾಗ, ನಗಬಾರದು. ಆದರೆ ಜನ ಬಿಡಬೇಕಲ್ಲ!

೧. ಜೊತೆಗೆ ಬಂದವರು

ಎಮ್ಮಿಗನೂರಿನಿಂದ ಅಣ್ಣ-ತಮ್ಮ ಬಂದಿದ್ದರು. ತಮ್ಮನಿಗೆ ದಮ್ಮು, ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿಯುತ್ತಿದ್ದ. ಜೊತೆಗೆ ಬಂದ ಅಣ್ಣ ಆಗೊಮ್ಮೆ ಈಗೊಮ್ಮೆ ಸೀನುತ್ತಿದ್ದ, ಅಷ್ಟೆ. ತಮ್ಮನ ರಕ್ತ ತೆಗೆದು ಮುಗಿಸಿದರೆ ಅಣ್ಣನೂ ಅಂಗಿಯ ತೋಳು ಮಡಚಿ ಕೂತ.

"ನಿಮಗೇನಾಗೈತ್ರಿ?"

"ಏನಿಲ್ರಿ. ಹಿರೇವ್ನ ಬಿಟ್ಟು ಸಣ್ಣವ್ನಿಗೆ ಮಾಡಿದ್ರ ಊರಾಗ ಏನಂತಾರ?"

೨. ಓದು ಬಲ್ಲವರು

ಡಾಕ್ಟರು ಅಂದೇ ತಮ್ಮನಿಗೆ ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುವ ಪಂಪ್ ಕೊಟ್ಟು ಕಳಿಸಿದ್ದರು. ಎರಡು ದಿನಕ್ಕೆ ಅಲರ್ಜಿಯ ಪ್ರತಿಕಾಯದ ರಿಪೋರ್ಟ್ ಬಂತು. ತಮ್ಮನದು ಐವತ್ತೂ ಇಲ್ಲ, ಅಣ್ಣನದು ಸಾವಿರ ದಾಟಿತ್ತು. ಒಯ್ಯಲು ಬಂದವನು ಅಣ್ಣನೊಬ್ಬನೇ. ಡಾಕ್ಟರಿಗೆ ತೋರಿಸಿ ಹೋಗಿ ಅಂದೆ.

"ಯಾಕ್ರಿ? ನಂಬರ್ ಓದಾಕ ನಂಗೂ ಬರತೈತಿ," ಅಂದ.

೩. ಪಂಪ್ ವರ್ಗಾವಣೆ

ಹದಿನೈದು ದಿನಕ್ಕೆ ತಮ್ಮನನ್ನು ಅವನ ಹೆಂಡತಿ ಗಾಡಿ ಮಾಡಿಕೊಂಡು ಕರೆತಂದಳು. ಅವನಿಗೆ ಮಾತಾಡಲೂ ಉಸಿರಿರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಆವಿಯಲ್ಲಿ ಔಷಧಿ ಕೊಟ್ಟು, ಅವನು ಚೇತರಿಸಿಕೊಂಡ ಮೇಲೆ ಡಾಕ್ಟರು ಪಂಪ್ ಎಲ್ಲಿ ಅಂತ ಕೇಳಿದರು.

"ಭಾವ ಇಸ್ಗೊಂಡಾರ್ರಿ," ಅಂದಳು ಹೆಂಡತಿ. "ಅವ್ರ ನಂಬರ್ ಭಾಳ ದೊಡ್ಡದಂತ. ಕೆಲ್ಸ ಬಿಟ್ಟು ಮಂಚದ ಮ್ಯಾಲ ಕುಂತಾರ. ಇವ್ರದು ಸಣ್ಣದಂತ ಕಬ್ಬಿನ ಹೊಲಕ್ಕ ಕಳಿಸ್ಯಾರ."

೪. ನಾಯಿ, ಕಳ್ಳ

ಮರುದಿನ ಡಾಕ್ಟರು ತಮ್ಮ, ಅವನ ಹೆಂಡತಿಯ ಜೊತೆಗೆ ಅಣ್ಣನನ್ನೂ ಕರೆಸಿದರು. ಪಂಪ್ ಅವನ ಅಂಗಿ ಜೇಬಿನಲ್ಲಿ, ಪೆನ್ನಿನ ಪಕ್ಕದಲ್ಲಿತ್ತು.

"ಈ ನಂಬರ್ ಅಂದ್ರ ನಾಯಿ ಎಷ್ಟು ಬೊಗಳತೈತಿ ಅನ್ನೋದು," ಅಂದರು ಡಾಕ್ಟರು. "ಕಳ್ಳ ಎಷ್ಟು ಒಳಗ ಬಂದಾನ ಅನ್ನೋದು ಊದಿದ್ರ ಗೊತ್ತಾಗತೈತಿ."

ಇಬ್ಬರಿಂದಲೂ ಊದಿಸಿದೆ. ತಮ್ಮನ ಉಸಿರು ಅರ್ಧಕ್ಕೇ ನಿಂತಿತು. ಅಣ್ಣ ಯಂತ್ರ ಕಿತ್ತುಹೋಗುವಂತೆ ಊದಿದ. "ನಿಮ್ದು ಬರೇ ಸೀನು, ಗುಳಿಗಿ ಸಾಕು," ಎಂದು ಡಾಕ್ಟರು ಪಂಪ್ ಕಿತ್ತು ತಮ್ಮನ ಕೈಗಿಟ್ಟರು. ನನಗೂ ಉಸಿರು ಬಂದಂತಾಯಿತು.

ತಮ್ಮನ ಹೆಂಡತಿ ಬಿಡಲಿಲ್ಲ. "ಭಾವ ಕೆಲ್ಸ ಮಾಡಬೌದು ಅಂತ ಚೀಟ್ಯಾಗ ಬರೀರಿ."

ಡಾಕ್ಟರು ಗುಳಿಗೆಯ ಕೆಳಗೆ ಬರೆದರು: "ಕಬ್ಬಿನ ಹೊಲ, ದಿನಕ್ಕೆ ಎರಡು ಸಲ."

ಎಲ್ಲರೂ ಹೊರಟ ಮೇಲೆ ಅಣ್ಣ ಹಿಂದೆ ಉಳಿದು ನನ್ನ ಕಿವಿಯ ಹತ್ತಿರ ಬಂದ. "ನಂಬರೂ ದೊಡ್ಡದು ಬರಬೇಕು, ಕೆಲ್ಸಾನೂ ತಪ್ಪಬೇಕು. ಅಂಥಾ ಟೆಸ್ಟ್ ಯಾವ್ದರ ಐತೇನ್ರಿ?"

"ಇದ್ದಿದ್ರ ನಾನ್ಯಾಕ ಇಲ್ಲಿ ನಿಂತಿರ್ತಿದ್ದೆ?" ಅಂದೆ.