ಡ್ರಮ್ಮು ನಿಲ್ಲದ ಬೀಗರೂಟ

ಊಟಕ್ಕೆ ಎರಡನೆಯ ಸಲ ಕರೆಸಿಕೊಳ್ಳುವ ಬಿಗುಮಾನ ನನ್ನಲ್ಲಿಲ್ಲ. ಎಷ್ಟೋ ಸಲ ಮೊದಲನೆಯ ಕರೆಗೂ ಮುಂಚೆಯೇ ಕೈ ತೊಳೆದಿರುತ್ತೇನೆ. ಇದನ್ನು ಹೇಳಿಕೊಂಡು ನಗಬಹುದು, ನಾನೂ ಬಹಳ ವರ್ಷ ನಕ್ಕಿದ್ದೇನೆ. ಆದರೆ ನಮ್ಮ ಸೀಮೆಯ ಏಕೈಕ ರಾಕ್ ಬ್ಯಾಂಡು ಒಡೆದುಹೋದದ್ದು ಇದರಿಂದಲೇ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆಲ್ಲ "ಸಂಗೀತದ ವಿಚಾರದಲ್ಲಿ ಭಿನ್ನಾಭಿಪ್ರಾಯ ಬಂತು" ಎನ್ನುತ್ತಿದ್ದೆ. ಹಾಗೆಂದರೆ ಎದುರಿನವರು ಗೌರವದಿಂದ ತಲೆಯಾಡಿಸುತ್ತಾರೆ.

ನಾವು ನಾಲ್ವರು ಪಾಂಡವಪುರದ ಕಾಲೇಜಿನಲ್ಲಿ ಜೊತೆಗೆ ಓದಿದವರು, ಅಥವಾ ಜೊತೆಗೆ ಓದದೇ ಇದ್ದವರು. ಹಾಡುವವನು ನಾನು, ಕಿರುಚುವವನು ಎಂದು ನಮ್ಮಪ್ಪ ತಿದ್ದುತ್ತಿದ್ದರು. ಗಿಟಾರಿಗೆ ನಾಗಮಂಗಲದ ಪ್ರಕಾಶ, ಬೇಸ್ ಗಿಟಾರಿಗೆ ಕೆ.ಆರ್. ಪೇಟೆಯ ನಂಜ, ಡ್ರಮ್ಮಿಗೆ ಗಂಜಾಂನ ಇಮ್ರಾನ. ಇಮ್ರಾನನ ಮನೆಯವರದು ಶಾಮಿಯಾನದ ವ್ಯಾಪಾರವಾದ್ದರಿಂದ ಅಭ್ಯಾಸವೆಲ್ಲ ಅವರ ಗೋದಾಮಿನಲ್ಲಿ, ಅಡುಗೆಯ ಕೊಪ್ಪರಿಗೆಗಳ ನಡುವೆ. ನಾವು ನಿಲ್ಲಿಸಿದ ಮೇಲೂ ಆ ಕೊಪ್ಪರಿಗೆಗಳು ಒಂದಷ್ಟು ಹೊತ್ತು ಗುಂಯ್‌ಗುಡುತ್ತಿದ್ದವು. ನಾಲ್ವರಲ್ಲಿ ನಿಜವಾಗಿ ಸಂಗೀತ ಬರುತ್ತಿದ್ದುದು ಇಮ್ರಾನನೊಬ್ಬನಿಗೇ.

ಕೆ.ಆರ್. ಪೇಟೆಯಲ್ಲಿ ನಂಜನ ಅಕ್ಕನ ಮದುವೆಯಾಯಿತು. ಮಾರನೆಯ ದಿನದ ಬೀಗರೂಟಕ್ಕೆ ನಮ್ಮದೇ ಕಾರ್ಯಕ್ರಮ. ನಮ್ಮ ಕಡೆ ಬೀಗರೂಟವೆಂದರೆ ಮುದ್ದೆ, ಮಟನ್ನು, ಬೋಟಿ ಗೊಜ್ಜು. ಒಂದು ಪಂಕ್ತಿ ಏಳುವ ಮೊದಲೇ ಮುಂದಿನ ಪಂಕ್ತಿಯವರು ಉಣ್ಣುವವರ ಬೆನ್ನ ಹಿಂದೆ ಕುರ್ಚಿ ಹಿಡಿದು ನಿಂತಿರುತ್ತಾರೆ. ನಮ್ಮ ಕೊನೆಯ ಹಾಡಿನಲ್ಲಿ ಇಮ್ರಾನ ಒಬ್ಬನೇ ಬಾರಿಸುವ ಭಾಗವೊಂದಿತ್ತು. ಆಗ ನಾವು ಮೂವರೂ ವೇದಿಕೆಯಿಂದ ಇಳಿಯಬೇಕು, ಎರಡು ನಿಮಿಷಕ್ಕೆ ನಾನು ಮತ್ತೆ ಹತ್ತಿ ಸಿಳ್ಳೆ ಹೊಡೆಯಬೇಕು, ಅವನು ನಿಲ್ಲಿಸಬೇಕು. ಸಿಳ್ಳೆ ಕೇಳದೆ ನಿಲ್ಲಿಸುವ ಹಾಗಿಲ್ಲ ಎಂಬ ಕಾನೂನು ಮಾಡಿದ್ದೂ ನಾನೇ.

ಇಳಿದೆವು. ನೀರಿನ ಟ್ಯಾಂಕರ್ ಬಂತೆಂದು ನಂಜ ಓಡಿದ, ಪ್ರಕಾಶ ಫೋನು ಹಿಡಿದು ರಸ್ತೆಗೆ ಹೋದ. ನನಗೆ ನಂಜನ ಚಿಕ್ಕಪ್ಪ ಎದುರಾದರು. "ಲೇ, ಕೊನೇ ಪಂಕ್ತಿ ಕಣ್ಲಾ. ಬೋಟಿ ಮುಗ್ದೋಯ್ತದೆ, ಬಾ ಕುಂತ್ಕೊ" ಎಂದರು. ಎರಡು ನಿಮಿಷವಿದೆಯಲ್ಲ, ಒಂದು ಮುದ್ದೆ ಮುರಿದು ಬರೋಣವೆಂದು ಕೂತೆ. ಎರಡನೆಯ ಮುದ್ದೆಯ ಹೊತ್ತಿಗೆ ಡ್ರಮ್ಮಿನ ಸದ್ದು ಊಟಕ್ಕೆಂದೇ ಇಟ್ಟ ಹಾಗೆ ಹಿತವಾಗಿ ಕೇಳುತ್ತಿತ್ತು. ಕೈ ತೊಳೆದು ಬಂದು ನೋಡಿದರೆ ಇಮ್ರಾನನ ಅಂಗಿ ತೊಯ್ದು ಮೈಗೆ ಅಂಟಿದೆ, ಹೆಬ್ಬೆರಳಿನ ಬಳಿ ಚರ್ಮ ಕಿತ್ತು ರಕ್ತ ಬಂದಿದೆ. ಕಣ್ಣು ಮಾತ್ರ ನಾನು ಹತ್ತಿ ಬರಬೇಕಾದ ಮೆಟ್ಟಿಲ ಮೇಲೇ ಇದೆ. ಈಗಲೂ ಆ ಕಣ್ಣು ನೆನಪಾದರೆ ಎತ್ತಿದ ತುತ್ತನ್ನು ತಟ್ಟೆಗೆ ವಾಪಸು ಇಡುತ್ತೇನೆ, ಸ್ವಲ್ಪ ಹೊತ್ತು.

ಬೀಗರು ಕಿವಿ ಮುಚ್ಚಿಕೊಂಡು ಸಿಟ್ಟಾಗಿದ್ದರು. "ಅದ್ಯಾಕ್ಲಾ ಇಂಗೆ ಬಡೀತಾವ್ನೆ?" ಎಂದು ನಂಜ ಕೂಗಾಡುತ್ತ ಬಂದ. ನಾನು ಬಾಯಿ ಒರೆಸಿಕೊಂಡು, "ನಾನು ಸಿಳ್ಳೆ ಒಡ್ದೆ ಕಣ್ಲಾ, ಅವ್ನೇ ನಿಲ್ಲುಸ್ನಿಲ್ಲ" ಎಂದುಬಿಟ್ಟೆ. ಇಮ್ರಾನ ನನ್ನನ್ನೊಮ್ಮೆ ನೋಡಿದ. ಡ್ರಮ್ಮು ಬಿಚ್ಚಿ ಆಟೋಗೆ ಹಾಕಿಕೊಂಡು ಹೋದ. ಅಲ್ಲಿಗೆ ಬ್ಯಾಂಡು ಮುಗಿಯಿತು.

ನನ್ನ ಸುಳ್ಳು ಮಾತ್ರ ಮುಗಿಯಲಿಲ್ಲ. ನಿಲ್ಲಿಸೋಕೆ ಬರದ ಡ್ರಮ್ಮರ್ ಎಂದು ಹೆಸರಾಗಿ, ಯಾವ ಆರ್ಕೆಸ್ಟ್ರಾದವರೂ ಅವನನ್ನು ಕರೆಯಲಿಲ್ಲ. ಈಗ ಪ್ರಕಾಶ ಶಾಲೆಯಲ್ಲಿ ಮಕ್ಕಳಿಗೆ ಪ್ರಾರ್ಥನೆ ಹೇಳಿಕೊಡುತ್ತಾನೆ. ನಂಜ ಡೈರಿಯಲ್ಲಿ ಹಾಲಿನ ಡಿಗ್ರಿ ನೋಡುತ್ತಾನೆ. ನಾನು ಬ್ಯಾಂಕಿನಲ್ಲಿ ಟೋಕನ್ ನಂಬರು ಕೂಗುತ್ತೇನೆ, ಗಂಟಲು ವ್ಯರ್ಥವಾಗಲಿಲ್ಲ. ಇಮ್ರಾನ ಶಾಮಿಯಾನ ಕಟ್ಟುತ್ತಾನೆ.

ಹೋದ ತಿಂಗಳು ಪಾಂಡವಪುರದಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶ. "ಶಾಮಿಯಾನಕ್ಕೆ ಗಂಜಾಂನೋರಿಗೆ ಏಳಿವ್ನಿ ಕಣ್ರೀ. ನಿಮ್ಮ ಫ್ರೆಂಡಂತೆ, ಎಷ್ಟು ಒಳ್ಳೇ ಮನ್ಸ!" ಎಂದಳು ಹೆಂಡತಿ. ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಆ ದಿನ ಶಾಮಿಯಾನದ ಹಿಂದೆ ಹಗ್ಗ ಬಿಗಿಯುತ್ತಿದ್ದವನ ಬಳಿ ಹೋಗಿ, "ಇಮ್ರಾನ, ಅವತ್ತು ನಾನು ಸಿಳ್ಳೆ ಒಡೀನಿಲ್ಲ ಕಣ್ಲಾ" ಎಂದೆ.

"ನಂಗ್ಯಾಕ್ಲಾ ಏಳ್ತೀಯ? ನಾನು ಅಲ್ಲೇ ಕುಂತಿರ್ನಿಲ್ವಾ?" ಎಂದು ನಕ್ಕ. ಆಮೇಲೆ ಊಟದ ಸಾಲಿನಲ್ಲಿದ್ದ ನಂಜ, ಪ್ರಕಾಶರ ಕಡೆ ಗದ್ದ ಚಾಚಿ ತೋರಿಸಿದ. "ಅವ್ರಿಗೇಳು. ಅಷ್ಟು ಸಾಕು."

ಹೋದೆ. ದೇವರಾಣೆಗೂ ಹೇಳುವುದಕ್ಕೇ ಹೋದೆ. ಅವರಿಬ್ಬರ ನಡುವೆ ಒಂದು ಕುರ್ಚಿ ಖಾಲಿಯಿತ್ತು. "ಬಾರ್ಲಾ, ಎಲೆ ಆಕವ್ರೆ" ಎಂದ ನಂಜ. ಕೂತು ಹೇಳೋಣವೆಂದುಕೊಂಡೆ. ಕೋಸಂಬರಿ ಆದಮೇಲೆ ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಒಬ್ಬಟ್ಟಿಗೆ ತುಪ್ಪ ಬಂತು.

ತಿರುಗಿ ಹೋದಾಗ ಇಮ್ರಾನ ಬೋರಲು ಹಾಕಿದ ಕೊಪ್ಪರಿಗೆಯ ಮೇಲೆ ಬೆರಳುಗಳಿಂದ ಅದೇ ತಾಳ ಬಾರಿಸುತ್ತ ಕೂತಿದ್ದ. "ಏಳ್ದೇನ್ಲಾ?" ಎಂದ. ನನ್ನ ಬಾಯಲ್ಲಿ ಕೊನೆಯ ಒಬ್ಬಟ್ಟಿತ್ತು. ಅವನು ತಾನಾಗಿಯೇ ತಾಳ ನಿಲ್ಲಿಸಿ ಕೆಲಸಕ್ಕೆ ಎದ್ದ.

ಅದಕ್ಕೇ ಬರೆಯುತ್ತಿದ್ದೇನೆ, ಬರೆಯುವುದಕ್ಕೆ ಬಾಯಿ ಖಾಲಿ ಇರಬೇಕಾಗಿಲ್ಲ. ನಂಜ, ಪ್ರಕಾಶ, ಅವತ್ತು ಇಮ್ರಾನನಿಗೆ ನಿಲ್ಲಿಸಲು ಬರುತ್ತಿತ್ತು. ನಿಲ್ಲಿಸು ಎನ್ನಬೇಕಾದವನು ಕೊನೆಯ ಪಂಕ್ತಿಯಲ್ಲಿದ್ದ. ನಾಳೆ ನಿಮ್ಮ ಮನೆಗಳಿಗೇ ಬಂದು ಇದನ್ನು ಬಾಯಿಬಿಟ್ಟು ಹೇಳುತ್ತೇನೆ. ಊಟದ ಹೊತ್ತು ತಪ್ಪಿಸಿ ಬರುತ್ತೇನೆ.