ಕೆಳಗಿನಿಂದ ಕತ್ತರಿಸಿದ ಕಪ್‌ಕೇಕ್

ಸುಮಾರು ಮೂವತ್ತು ವರ್ಷಗಳಿಂದ ನಾನು ನಂಜನಗೂಡಿನಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ನನ್ನ ವರದಿಗೆ ತಿದ್ದುಪಡಿ ಪ್ರಕಟವಾದದ್ದು ಒಂದೇ ಸಲ. ಕವಲಂದೆಯ ಸಭೆಯೊಂದರಲ್ಲಿ ವಂದನಾರ್ಪಣೆ ಮಾಡಿದವರನ್ನು ಸ್ವಾಗತ ಕೋರಿದವರೆಂದು ಬರೆದುಬಿಟ್ಟಿದ್ದೆ. ಇಬ್ಬರೂ ಅಣ್ಣತಮ್ಮಂದಿರು, ಇಬ್ಬರದೂ ಒಂದೇ ಬಣ್ಣದ ಅಂಗಿ, ಇಬ್ಬರೂ ಮಾತನಾಡಿದ್ದು ಒಂದೇ ಮಾತು. ಆ ತಪ್ಪಿಗೇ ನಾನು ಒಂದು ವಾರ ಸರಿಯಾಗಿ ಊಟ ಮಾಡಿರಲಿಲ್ಲ. ಹೀಗಿರುವ ನಾನು ಕಳೆದ ತಿಂಗಳು ಒಂದೇ ಭಾನುವಾರ ಅರವತ್ತು ತಪ್ಪು ಮಾಡಿದೆ. ಅರವತ್ತೂ ಒಂದೇ ತಪ್ಪು. ಒಂದೊಂದೂ ಬಣ್ಣದ ಕಾಗದದ ಪುಟ್ಟ ಬಟ್ಟಲಿನಲ್ಲಿ ಕುಳಿತಿತ್ತು.

ಹಿನ್ನೆಲೆಯನ್ನು ಹೇಳಬೇಕು. ನನ್ನ ಹೆಂಡತಿ ಈ ವರ್ಷ ಬಿ.ಎ. ಪಾಸಾದಳು. ಅವಳು ಮನೆಯಲ್ಲಿ ರವಿಕೆ ಹೊಲಿಯುತ್ತಾಳೆ. ಹೊಲಿಗೆ ಯಂತ್ರದ ಮೇಲೆ ಪಠ್ಯಪುಸ್ತಕ ತೆರೆದಿಟ್ಟು, ಹಾಳೆ ಮಗುಚದಂತೆ ಅದರ ಮೇಲೆ ಕತ್ತರಿ ಹೇರಿ, ಅಂಚೆ ಶಿಕ್ಷಣದಲ್ಲಿ ಓದಿದಳು. ನಮ್ಮ ಬೀದಿಯ ಹೆಂಗಸರ ರವಿಕೆಗಳಲ್ಲಿ ಯಾವುದು ಅರ್ಥಶಾಸ್ತ್ರದ ಪರೀಕ್ಷೆಯ ವಾರದಲ್ಲಿ ಹೊಲಿದದ್ದು ಎಂಬುದು ತೋಳು ನೋಡಿದರೆ ಈಗಲೂ ತಿಳಿಯುತ್ತದೆ. ಇದಕ್ಕಿಂತ ಹಿಂದಿನ ಒಂದು ವಿಷಯವನ್ನೂ ಮುಚ್ಚಿಡುವಂತಿಲ್ಲ. ಇಪ್ಪತ್ತಾರು ವರ್ಷಗಳ ಹಿಂದೆ ಅವಳು ತಿ. ನರಸೀಪುರದ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಎ. ಓದುತ್ತಿದ್ದಳು. ಪರೀಕ್ಷೆ ನಡೆಯಬೇಕಿದ್ದ ವಾರದಲ್ಲೇ ಅವಳ ಮದುವೆ ಆಯಿತು. ಬೇರೆ ಮುಹೂರ್ತ ಇರಲಿಲ್ಲವೆಂದಲ್ಲ. ವರನಿಗೆ ರಜೆ ಸಿಕ್ಕಿದ್ದು ಆ ವಾರ ಮಾತ್ರ. ಅದಾದ ಮೇಲೆ ಚುನಾವಣೆ ಇತ್ತು. ‘ಪರೀಕ್ಷೆ ಆಮೇಲೆ ಬರೆದರಾಯಿತು’ ಎಂದು ಎಲ್ಲರೂ ಹೇಳಿದರು. ವರನೂ ಹೇಳಿದ. ಆ ವರ ನಾನೇ.

ಆದ್ದರಿಂದ ಫಲಿತಾಂಶ ಬಂದ ದಿನ ನಾನು ಒಂದು ಮಾತು ಕೊಟ್ಟೆ. ಅವಳ ತವರಿನಲ್ಲಿ, ನರಸೀಪುರದಲ್ಲೇ ಒಂದು ಪುಟ್ಟ ಸಂತೋಷಕೂಟ ಮಾಡುವುದು. ಅವಳ ಹಳೆಯ ಸಹಪಾಠಿಗಳನ್ನು ಕರೆಯುವುದು. ಆ ದಿನ ಅವಳು ಅಡುಗೆಮನೆಯ ಹೊಸ್ತಿಲು ದಾಟಕೂಡದು. ನಮ್ಮ ಮನೆಯ ಇಪ್ಪತ್ತಾರು ವರ್ಷಗಳ ಸಮಾರಂಭಗಳಲ್ಲಿ, ಅವಳ ಹುಟ್ಟುಹಬ್ಬವೂ ಸೇರಿದಂತೆ, ಅವಳು ಕುಳಿತ ಒಂದು ಫೋಟೊ ಇಲ್ಲ. ಇರುವ ಫೋಟೊಗಳಲ್ಲೆಲ್ಲ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. “ಈ ಸಲ ನೀನು ಅತಿಥಿ. ಕುರ್ಚಿ ಬಿಟ್ಟು ಏಳುವಂತಿಲ್ಲ” ಎಂದೆ. ಅವಳು ಬಾಯಲ್ಲಿದ್ದ ಗುಂಡುಸೂಜಿ ತೆಗೆದು, “ನೀವು ಎಬ್ಬಿಸದೆ ಇದ್ರೆ ನಾನ್ಯಾಕೆ ಏಳ್ಲಿ?” ಎಂದಳು. ಅದನ್ನು ನಾನು ಒಪ್ಪಿಗೆ ಎಂದು ದಾಖಲಿಸಿಕೊಂಡೆ. ಎಚ್ಚರಿಕೆ ಎಂದು ದಾಖಲಿಸಿಕೊಳ್ಳಬೇಕಿತ್ತು.

ಪುಟ್ಟ ಕಪ್‌ಕೇಕುಗಳ ಯೋಚನೆ ಮಗಳು ನಯನಾಳದು. ಅವಳು ತಾಂಡ್ಯದ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಲಸದಲ್ಲಿದ್ದಾಳೆ. ಮನೆಯಲ್ಲೂ ಅದೇ ಕೆಲಸ ಮುಂದುವರಿಸುತ್ತಾಳೆ. ಒಂದೇ ತುತ್ತಿಗೆ ಮುಗಿಯುವ ಕೇಕು, ಮೇಲೆ ಬೆಣ್ಣೆ ಸಕ್ಕರೆಯ ಕ್ರೀಮು, ಅದರ ಮೇಲೆ ಚೌಕಾಕಾರದ ಚಾಕಲೇಟಿನ ಬಿಲ್ಲೆ, ಬಿಲ್ಲೆಯ ಅಂಚಿನಿಂದ ಗೊಂಡೆಯಂತೆ ಇಳಿಬಿದ್ದ ಹುರಿದ ಶಾವಿಗೆಯ ಒಂದು ಎಳೆ: ಘಟಿಕೋತ್ಸವದ ಟೋಪಿ. ಮೊಟ್ಟೆ ಬೇಡ, ಮೊಸರು ಮತ್ತು ಸೋಡಾ ಸಾಕು ಎಂದಳು. ಏಕೆಂದರೆ ನಮ್ಮ ಅತ್ತೆಯವರು ಮಠದ ಕಡೆಯ ನೇಮದವರು. ಕೂಟದ ಭಾನುವಾರ ನಯನಾಳಿಗೆ ಮಧ್ಯಾಹ್ನದವರೆಗೆ ಪಾಳಿ ಇತ್ತು. ಹಿಂದಿನ ದಿನವೇ ಚಾಕಲೇಟ್ ಬಿಲ್ಲೆ ಕೊಯ್ದು, ಕ್ರೀಮ್ ಕಡೆದಿಟ್ಟು, ಇಡೀ ವಿಧಾನವನ್ನು ಫೋನಿಗೆ ಕಳಿಸಿದಳು. “ಅಪ್ಪಾ, ಇದ್ದದ್ದನ್ನ ಇದ್ದಹಾಗೆ ಮಾಡಿ. ನಿಮ್ಮ ತಲೆ ಓಡಿಸಬೇಡಿ” ಎಂದಳು.

ಇಲ್ಲಿ ನನ್ನ ವೃತ್ತಿಯ ಬಗ್ಗೆ ಸ್ವಲ್ಪ ಹೇಳಬೇಕಾಗುತ್ತದೆ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ನಮ್ಮ ಮುಖ್ಯ ಉಪಸಂಪಾದಕರು ಒಂದು ಪಾಠ ಹೇಳಿಕೊಟ್ಟಿದ್ದರು. ಮುಖ್ಯವಾದದ್ದು ಮೊದಲ ಸಾಲಿನಲ್ಲಿರಬೇಕು, ಅದಕ್ಕಿಂತ ಕಡಿಮೆಯದು ಅದರ ಕೆಳಗೆ, ಹೀಗೇ ಇಳಿಯುತ್ತಾ ಹೋಗಬೇಕು. ಪುಟದಲ್ಲಿ ಜಾಗ ಸಾಲದಿದ್ದರೆ ಯೋಚಿಸದೆ ಕೆಳಗಿನಿಂದ ಕತ್ತರಿಸಬಹುದು. “ಸುದ್ದಿ ಅನ್ನೋದು ಹಲ್ಲಿ ಥರ ಇರಬೇಕಯ್ಯ. ಬಾಲ ಹೋದ್ರೂ ಓಡ್ತಿರಬೇಕು” ಎನ್ನುತ್ತಿದ್ದರು. ಮೂವತ್ತು ವರ್ಷ ಅದೇ ಅಭ್ಯಾಸ. ಈಗ ಮದುವೆಯ ಕರೆಯೋಲೆಯನ್ನೂ ನಾನು ಕೊನೆಯವರೆಗೆ ಓದುವುದಿಲ್ಲ. ಕೊನೆಯಲ್ಲಿ ‘ಗಮನಿಸಿ’ ಎಂದು ಏನಾದರೂ ಇದ್ದರೆ ಅದು ಸಾಮಾನ್ಯವಾಗಿ ವಾಹನ ನಿಲ್ಲಿಸುವ ಜಾಗದ ವಿಷಯ, ನನ್ನ ಬಳಿ ವಾಹನವಿಲ್ಲ.

ಫೋನಿಗೆ ಹಿಟ್ಟು ಮೆತ್ತಿಕೊಳ್ಳಬಾರದೆಂದು ಭಾನುವಾರ ಬೆಳಿಗ್ಗೆ ವಿಧಾನವನ್ನು ನನ್ನ ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಂಡೆ. ಪುಟ ತುಂಬಿತು, ಮಗಳ ಬರಹದಲ್ಲಿ ಇನ್ನೂ ಮೂರು ಸಾಲು ಉಳಿದಿತ್ತು. ಅವುಗಳ ಮೇಲೆ ‘ಗಮನಿಸಿ’ ಎಂದಿತ್ತು. ನನ್ನ ಕೈ ತಾನಾಗಿಯೇ ಪುಸ್ತಕ ಮುಚ್ಚಿತು.

ಉಳಿದದ್ದೆಲ್ಲ ಶಿಸ್ತಿನಿಂದ ನಡೆಯಿತು. ಹೆಂಡತಿಯನ್ನು ಅವಳ ತಮ್ಮ ಮಾದೇವು ಶನಿವಾರವೇ ಬಂದು ಕರೆದುಕೊಂಡು ಹೋಗಿದ್ದ. ನಮ್ಮ ಓವನ್ ಕೊಂಡ ಮೇಲೆ ಎರಡು ಸಲ ಕೇಕಿಗೂ, ಆಮೇಲೆ ಆರು ವರ್ಷ ಹಪ್ಪಳ ಇಡುವುದಕ್ಕೂ ಬಳಕೆಯಾಗಿತ್ತು. ಹಪ್ಪಳಗಳನ್ನು ತೆರವುಗೊಳಿಸಿದೆ. ತಟ್ಟೆಯಲ್ಲಿ ಹನ್ನೆರಡು ಕುಳಿ, ಅಂದರೆ ಐದು ಕಂತು. ಅಳತೆಗಳನ್ನು ಎರಡೆರಡು ಸಲ ಪರಿಶೀಲಿಸಿದೆ. ಬೆಂದದ್ದನ್ನು ಕಡ್ಡಿ ಚುಚ್ಚಿ ನೋಡಿದೆ. ಹೊರಬಂದ ಕಡ್ಡಿ ಶುದ್ಧವಾಗಿತ್ತು. ಪ್ರತಿ ಕಂತು ಹೊರಬಂದ ಕೂಡಲೇ ತಡಮಾಡದೆ ಕ್ರೀಮ್ ಹಾಕಿದೆ, ಟೋಪಿ ಇಟ್ಟೆ, ಗೊಂಡೆ ಇಳಿಬಿಟ್ಟೆ, ಡಬ್ಬಿಗೆ ಸೇರಿಸಿ ಮುಚ್ಚಳ ಹಾಕಿದೆ. ಬಿಸಿ ಸುದ್ದಿಯನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂರುವುದು ನಮ್ಮಲ್ಲಿ ಅಪರಾಧ. ಕ್ರೀಮು ಸ್ವಲ್ಪ ಹೊಳೆದಂತೆ ಕಂಡಿತು. ಒಳ್ಳೆಯ ಬೆಣ್ಣೆ ಎಂದುಕೊಂಡೆ. ಮಧ್ಯಾಹ್ನ ಒಂದು ಗಂಟೆಗೆ ಐದನೆಯ ಕಂತೂ ಡಬ್ಬಿ ಸೇರಿದಾಗ ಇಡೀ ವಿಶೇಷ ಸಂಚಿಕೆಯನ್ನು ಒಬ್ಬನೇ ಹೊರತಂದವನ ತೃಪ್ತಿ ನನಗಿತ್ತು.

ನಯನಾ ಪಾಳಿ ಮುಗಿಸಿ ನೇರವಾಗಿ ಬಸ್ ನಿಲ್ದಾಣಕ್ಕೆ ಬಂದಳು. ನರಸೀಪುರದ ಬಸ್ಸಿನಲ್ಲಿ ಅವಳಿಗೆ ಮುಂದೆ ಸೀಟು ಸಿಕ್ಕಿತು, ನನಗೆ ಹಿಂದೆ. ಎರಡು ಡಬ್ಬಿ ತೊಡೆಯ ಮೇಲೆ, ಮಿಕ್ಕ ಕ್ರೀಮಿನ ಪಾತ್ರೆ ಕಾಲ ಬಳಿಯ ಚೀಲದಲ್ಲಿ. ಪಕ್ಕದಲ್ಲಿ ಬಿಳಿಗೆರೆಯ ಕಡೆಯ ಒಬ್ಬ ಯಜಮಾನರು. ತಿರುವಿನಲ್ಲಿ ಡಬ್ಬಿಗೆ ಆಸರೆಯಾಗಿ ಕೈಕೊಟ್ಟವರು ಕೈ ಹಾಗೇ ಇಟ್ಟುಕೊಂಡು ಕೇಳಿದರು.

“ಏನ್ ಸಾ, ಕೋಳಿಮರಿಯಾ?”

“ಅಲ್ಲ, ಕೇಕು.”

“ಬೆಚ್ಚಗೈತಲ್ಲ, ಅದಕೇ ಕೇಳ್ದೆ. ಮುಚ್ಚಳಕ್ಕೆ ಒಂದೆರಡು ತೂತಾರ ಮಾಡ್ಬೇಕಿತ್ತು ಸಾ. ಕೇಕಾದ್ರೂ ಉಸಿರಾಡ್ಬೇಕಲ್ವಾ?”

ನಾನು ನಕ್ಕು ಡಬ್ಬಿಗಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ. ಸ್ಥಳದಲ್ಲಿದ್ದವರ ಹೇಳಿಕೆಯನ್ನು ನಿರ್ಲಕ್ಷಿಸಬಾರದು ಎಂದು ಹೊಸಬರಿಗೆ ನಾನೇ ಎಷ್ಟು ಸಲ ಹೇಳಿದ್ದೇನೋ.

ಮಾದೇವನ ಮನೆಯ ಹಜಾರದಲ್ಲಿ ನನ್ನ ಹೆಂಡತಿ ರೇಷ್ಮೆ ಸೀರೆಯುಟ್ಟು ಕುರ್ಚಿಯಲ್ಲಿ ಕುಳಿತಿದ್ದಳು. ಕುಳಿತು ಅಭ್ಯಾಸವಿಲ್ಲದ್ದರಿಂದ ಸ್ವಲ್ಪ ಮುಂದಕ್ಕೆ ಸರಿದು, ಬಸ್ಸಿಗೆ ಕಾಯುವವರಂತೆ ಕುಳಿತಿದ್ದಳು. ಒಳಗೆ ಪಲಾವಿನ ಕೆಲಸ ಮಾದೇವನ ಹೆಂಡತಿಯದು. ಅತಿಥಿಗಳು ಬರಲು ಒಂದೂವರೆ ಗಂಟೆ ಇತ್ತು. ಅತ್ತೆಯವರು ಡಬ್ಬಿ ನೋಡಿ, “ಮೊಟ್ಟೆ ಗಿಟ್ಟೆ ಆಕಿಲ್ಲ ತಾನೆ ಅಳಿಯಂದ್ರೆ?” ಎಂದರು. ಇಲ್ಲವೆಂದು ಗಂಭೀರವಾಗಿ ಹೇಳಿ ಮುಚ್ಚಳ ತೆಗೆದೆ.

ಒಳಗೆ ಅರವತ್ತು ಪದವೀಧರರು ಕುಸಿದು ಕುಳಿತಿದ್ದರು. ಕ್ರೀಮು ಕರಗಿ ಕಾಗದದ ಬಟ್ಟಲುಗಳ ಸುತ್ತ ಹಳದಿ ಕೆರೆಯಾಗಿತ್ತು. ಟೋಪಿಗಳೆಲ್ಲ ಮೆತ್ತಗಾಗಿ ಒಂದೇ ಕಡೆಗೆ ಜಾರಿದ್ದವು. ಬಸ್ಸು ವಾಲಿದ ಕಡೆಗೆ.

ಮಾದೇವು ಬಗ್ಗಿ ನೋಡಿದ. “ಏನ್ ಬಾವ, ಎಲ್ಲಾ ಒಂದೇ ಕಡೀಕೆ ವಾಲ್ಕಂಡವೆ? ಭಾಷಣ ಕೇಳ್ತಾ ತೂಕಡಿಸ್ದಂಗೆ.”

“ನಮ್ಮ ಫ್ಯಾಕ್ಟರಿಯಾಗಿದ್ರೆ ಇಡೀ ಬ್ಯಾಚು ರಿಜೆಕ್ಟು” ಎಂದಳು ನಯನಾ. “ಅಪ್ಪಾ, ಆರೋಕೆ ಬಿಟ್ಟಿದ್ರಾ ಇಲ್ವಾ? ಪೂರ್ತಿ ಆರಿದ ಮೇಲೇ ಕ್ರೀಮ್ ಹಾಕಬೇಕು, ಮುಟ್ಟಿದ್ರೆ ಬಿಸಿ ತಾಕಬಾರದು ಅಂತ ಬರೆದಿದ್ದೆನಲ್ಲ.”

“ಎಲ್ಲಿ ಬರೆದಿದ್ದೆ?”

“ಕೊನೇಲಿ.”

“ಅಷ್ಟು ಮುಖ್ಯವಾದದ್ದನ್ನು ಯಾರಾದರೂ ಕೊನೆಯಲ್ಲಿ ಬರೆಯುತ್ತಾರೇನಮ್ಮ?”

“ಕೊನೇಲಿ ಮಾಡೋದನ್ನ ಕೊನೇಲಿ ಬರೀತಾರೆ ಅಪ್ಪಾ.”

ಅಷ್ಟರಲ್ಲಿ ನಾನು ಹೆದರುತ್ತಿದ್ದದ್ದು ನಡೆಯಿತು. ಹೆಂಡತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕುರ್ಚಿಯ ಕೈಗೆ ಕೈಯೂರಿದಳು. ಇನ್ನೊಂದು ಕ್ಷಣ ಬಿಟ್ಟಿದ್ದರೆ ಅವಳು ಒಳಗೆ ಹೋಗಿ ಏನೋ ಒಂದು ಮಾಡಿ ಮುಗಿಸುತ್ತಿದ್ದಳು. ಇಪ್ಪತ್ತೇಳನೆಯ ವರ್ಷದ ಫೋಟೊದಲ್ಲೂ ಸೌಟು ಇರುತ್ತಿತ್ತು. “ಕೂತ್ಕೋ” ಎಂದೆ. ಅವಳು ನನ್ನನ್ನು ಒಂದು ಸಲ ನೋಡಿ ಕುಳಿತಳು. “ಆ ಪುಸ್ತಕ ಕೊಡಿ ಇಲ್ಲಿ” ಎಂದಳು.

ಒಂದು ಕೈಯಲ್ಲಿ ನನ್ನ ಟಿಪ್ಪಣಿ ಪುಸ್ತಕ, ಇನ್ನೊಂದರಲ್ಲಿ ಮಗಳ ಫೋನು ಹಿಡಿದು ಸಾಲು ಸಾಲಾಗಿ ಹೋಲಿಸಿದಳು. ಅಷ್ಟು ನಿಧಾನವಾಗಿ ನನ್ನ ಬರಹವನ್ನು ಯಾವ ಸಂಪಾದಕರೂ ಓದಿಲ್ಲ.

“ಕಡೇ ಮೂರು ಸಾಲು ಎಲ್ಲಿ?”

“ಜಾಗ ಇರಲಿಲ್ಲ. ಕತ್ತರಿಸಿದೆ.”

“ಕತ್ತರಿ ಹಿಡಿಯೋಳು ನಾನೂ ಹೌದು ಕಣ್ರೀ” ಎಂದಳು. ಸಿಟ್ಟಿರಲಿಲ್ಲ, ಗಿರಾಕಿಗೆ ಅಳತೆ ವಿವರಿಸುವ ದನಿ. “ದಿನಾ ಕತ್ತರಿಸ್ತೀನಿ. ಆದ್ರೂ ಒಳಗಡೆ ಒಂದು ಬೆರಳಗಲ ಬಟ್ಟೆ ಮಡಚಿ ಬಿಟ್ಟಿರ್ತೀನಿ. ಮುಂದೆ ಯಾವಾಗ್ಲಾದ್ರೂ ಬಿಚ್ಚಿಕೊಳ್ಳೋಕೆ ಬೇಕಾಗುತ್ತೆ ಅಂತ.” ಫೋನನ್ನು ಮಗಳಿಗೆ ಕೊಟ್ಟು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಳು. “ನನ್ನ ಓದೂ ಹಿಂಗೇ ಅಲ್ವಾ ಮಾಡಿದ್ದು? ಕಡೇ ವರ್ಷ ತಾನೆ, ಇರ್ಲಿ ಬಿಡು ಅಂತ.”

ಮಾದೇವು ಫ್ಯಾನಿನ ರೆಕ್ಕೆಗಳನ್ನು ಎಣಿಸತೊಡಗಿದ. ಸಂಬಂಧಪಟ್ಟವರು ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ ಎಂದು ನಾವು ಬರೆಯುತ್ತೇವಲ್ಲ, ಸಂಬಂಧಪಟ್ಟವರು ಎಲ್ಲಿರುತ್ತಾರೆ ಎಂಬುದು ನನಗೆ ಆಗ ತಿಳಿಯಿತು. ಅವರು ಎದುರಿಗೇ ನಿಂತಿರುತ್ತಾರೆ. ಹೇಳಲು ಏನೂ ಇರುವುದಿಲ್ಲ, ಅಷ್ಟೆ.

“ಹೌದು” ಎಂದೆ.

ಅವಳು ತಲೆಯಾಡಿಸಿದಳು. ಇಪ್ಪತ್ತಾರು ವರ್ಷದಿಂದ ಬಾಕಿ ಇದ್ದ ಹೇಳಿಕೆಯನ್ನು ಪಡೆದುಕೊಂಡವಳಂತೆ ಕುರ್ಚಿಯಲ್ಲಿ ಈಗ ಹಿಂದಕ್ಕೆ ಒರಗಿದಳು. “ಸರಿ. ಟೋಪಿ ಎಲ್ಲಾ ಬೇರೆ ತೆಗೆದು ಫ್ರಿಜ್ಜಿನಲ್ಲಿಡಿ. ಕಾಗದ ಬಿಡಿಸಿ. ಮೇಲಿನ ಕ್ರೀಮ್ ಕೆರೆದು ತಲೆಕೆಳಗು ಮಾಡಿ ಇಡಿ.”

ನಾನೂ ಮಾದೇವನೂ ಚಾಪೆಯ ಮೇಲೆ ಕುಳಿತು ಅರವತ್ತು ಕೇಕುಗಳ ಕಾಗದ ಬಿಡಿಸಿದೆವು. “ಬಾವ, ಕಳ್ಳೆಕಾಯಿ ಸುಲಿಯೋದೇ ವಾಸಿ ಕಣಿ. ಅದು ಅಂಟಾಕಿಲ್ಲ” ಎಂದು ಅವನು ಗೊಣಗಿದ. ತಲೆಕೆಳಗಾದ ಕೇಕು ಅಗಲದ ಕಡೆ ಕೆಳಗಾಗಿ, ಕಿರಿದಾದ ಕಡೆ ಮೇಲಾಗಿ ಕುಳಿತುಕೊಂಡಿತು. ಆ ಚಪ್ಪಟೆ ತಳದ ಮೇಲೆ, ಪಾತ್ರೆಯಲ್ಲಿ ಉಳಿದಿದ್ದ ಕ್ರೀಮನ್ನು ಚಿಟಿಕೆಯಷ್ಟು ಮೆತ್ತಿ, ನಯನಾ ಚಾಕಲೇಟ್ ಬಿಲ್ಲೆ ಇಟ್ಟಳು. ಶಾವಿಗೆಯ ಎಳೆ ಇಳಿಬಿಟ್ಟಳು. ನಾವು ಮೂವರೂ ಸ್ವಲ್ಪ ಹೊತ್ತು ನೋಡಿದೆವು. ಮೊದಲು ಅಂದುಕೊಂಡಿದ್ದು ಕೇಕಿನ ಮೇಲೊಂದು ಟೋಪಿ. ಈಗ ಇಡೀ ಕೇಕೇ ಟೋಪಿಯಾಗಿತ್ತು. ಹೆಂಡತಿ ಕುರ್ಚಿಯಿಂದಲೇ, “ಆ ಮೂರನೇದು ಸೊಟ್ಟಗಿದೆ” ಎಂದಳು. ಸೊಟ್ಟಗಿತ್ತು. ಸರಿಪಡಿಸಿದೆ. ನಮ್ಮ ಬೀದಿಯ ರವಿಕೆಗಳ ತೋಳಿನ ವಿಷಯ ನೆನಪಾಯಿತು, ಆಡಲಿಲ್ಲ.

ಐದು ಗಂಟೆಗೆ ಸಹಪಾಠಿಗಳು ಬಂದರು. ಆಗ ಪರೀಕ್ಷೆ ಬರೆದು ಪಾಸಾಗಿ ಟೀಚರಾದ ಒಬ್ಬಾಕೆ ತಟ್ಟೆ ನೋಡಿ, “ಅಯ್ಯೋ, ಎಷ್ಟ್ ಚೆನ್ನಾಗಿ ಟೋಪಿ ಥರಾನೇ ಮಾಡಿದ್ದಾರಲ್ಲೇ. ಯಾರೇ ಮಾಡಿದ್ದು?” ಎಂದರು. “ನಮ್ಮನೆಯವ್ರು” ಎಂದಳು ಹೆಂಡತಿ. ಮುಂದೆ ಏನೂ ಸೇರಿಸಲಿಲ್ಲ. ಬರೆದವರೊಬ್ಬರು, ತಿದ್ದಿ ಪ್ರಕಟಣೆಗೆ ಯೋಗ್ಯವಾಗಿಸಿದವರು ಇನ್ನೊಬ್ಬರಾದಾಗ ಹೆಸರು ಬರೆದವರದೇ ಬರುತ್ತದೆ. ನಮ್ಮ ಕಚೇರಿಯ ಈ ಪದ್ಧತಿ ಅವಳಿಗೆ ಹೇಗೆ ಗೊತ್ತೋ ತಿಳಿಯದು. ಅತ್ತೆಯವರು ಎರಡು ತಿಂದು, ಮೂರನೆಯದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದರು. ಆ ಸಂಜೆಯ ಫೋಟೊದಲ್ಲಿ ನನ್ನ ಹೆಂಡತಿ ಕುಳಿತಿದ್ದಾಳೆ. ಹಿಂದೆ ಬಾಗಿಲಲ್ಲಿ, ಕೈಯಲ್ಲಿ ತಟ್ಟೆ ಹಿಡಿದು, ಅಂಗಿಗೆ ಬೆಣ್ಣೆ ಮೆತ್ತಿಕೊಂಡು ನಿಂತಿರುವವನು ನಾನು.

ಟಿಪ್ಪಣಿ ಪುಸ್ತಕ ಮರುದಿನ ನನಗೆ ವಾಪಸು ಬಂತು. ಆ ಪುಟದ ಕೆಳಗಿನ ಅಂಚಿನಲ್ಲಿ, ಜಾಗ ಇಲ್ಲವೆಂದು ನಾನು ಹೇಳಿದ್ದಲ್ಲಿ, ಮೂರು ಸಾಲುಗಳನ್ನೂ ಸಣ್ಣ ಅಕ್ಷರದಲ್ಲಿ ಬರೆದಿದ್ದಳು. ಜಾಗ ಇತ್ತು.

ಈ ಪ್ರಬಂಧ ಸ್ವಲ್ಪ ಉದ್ದವಾಗಿದೆ ಎಂಬುದು ನನಗೂ ಗೊತ್ತು. ಸಂಪಾದಕರು ಕತ್ತರಿ ತೆಗೆದುಕೊಳ್ಳುವುದು ಸಹಜ. ನನ್ನದೊಂದೇ ವಿನಂತಿ: ಈ ಸಲ ಮೇಲಿನಿಂದ ಕತ್ತರಿಸಿ. ನನ್ನ ಮೂವತ್ತು ವರ್ಷದ ಅನುಭವ, ವಂದನಾರ್ಪಣೆಯ ಅಣ್ಣತಮ್ಮಂದಿರು, ಹಲ್ಲಿ, ಯಾವುದು ಬೇಕಾದರೂ ಹೋಗಲಿ. ಇಷ್ಟು ಹೊತ್ತು ಹೆಂಡತಿ, ಹೆಂಡತಿ ಎಂದೇ ಬರೆಯುತ್ತಾ ಬಂದಿದ್ದೇನೆ. ಅವಳ ಹೆಸರು ಇರುವುದು ಕೊನೆಯ ಸಾಲಿನಲ್ಲಿ.

ಮಂಗಳಮ್ಮ, ಬಿ.ಎ.